ಹಿಂದಕ್ಕೆ ಪಡೆದ ಪ್ರಾರ್ಥನೆ

ಪ್ರಾರ್ಥನೆಗೆ ಎದ್ದು ನಿಂತರೆ ಮೇಸ್ತ್ರಿಯ ಬಾಯಿಗೆ ಮಾತು ತಾನಾಗಿ ಬರುತ್ತಿತ್ತು. ಅವನು ಬರೆದುಕೊಂಡು ಬಂದವನಲ್ಲ, ಬಾಯಿಪಾಠ ಮಾಡಿದವನೂ ಅಲ್ಲ. ಚರ್ಚಿನ ಸಭೆಯ ಹಿರಿಯನಾಗಿ ಭಾನುವಾರದ ಬೆಳಿಗ್ಗೆ ಇತರರಿಗೋಸ್ಕರ ಬೇಡಿಕೊಳ್ಳುವ ಕೆಲಸ ಬಹಳ ವರ್ಷಗಳಿಂದ ಅವನದೇ ಆಗಿತ್ತು. ರೋಗಿಗಳು, ಗಂಡನನ್ನು ಕಳೆದುಕೊಂಡವರು, ಪರೀಕ್ಷೆಗೆ ಕೂತ ಮಕ್ಕಳು, ದೂರ ಪ್ರಯಾಣ ಹೊರಟವರು, ಎಲ್ಲರನ್ನೂ ಕೈ ಹಿಡಿದು ಕರೆತಂದವನಂತೆ ದೇವರ ಮುಂದೆ ನಿಲ್ಲಿಸುತ್ತಿದ್ದ. ಒಂದೊಂದು ಬೇಡಿಕೆ ಮುಗಿದಾಗಲೂ ಸಭೆಯೆಲ್ಲ ಒಂದೇ ದನಿಯಲ್ಲಿ “ಕರ್ತನೇ, ಲಾಲಿಸು” ಎನ್ನುತ್ತಿತ್ತು.

ಆ ಭಾನುವಾರವೂ ಹಾಗೆಯೇ ನಡೆಯಿತು. ಹೆಂಡತಿಯನ್ನು ಮಣ್ಣಿಗೆ ಒಪ್ಪಿಸಿದ ಮೇಲೆ ಅವನು ಸಭೆಯ ಮುಂದೆ ನಿಂತದ್ದು ಅದೇ ಮೊದಲು. ಹೆಂಗಸರು ಕೂರುವ ಕಡೆ ನೋಟ ಹೋಗದಿರಲೆಂದು ಕಣ್ಣು ಮುಚ್ಚಿಕೊಂಡೇ ಎದ್ದ. ಮನಸ್ಸು ಎಲ್ಲೋ ಇದ್ದರೂ ನಾಲಿಗೆಗೆ ಅಭ್ಯಾಸವಿತ್ತು; ಅದು ತನ್ನ ಪಾಡಿಗೆ ದಾರಿ ಹಿಡಿದು ನಡೆಯಿತು. ರೋಗಿಗಳಾದರು, ಮುದುಕರಾದರು. ಆಮೇಲೆ, “ಕರ್ತನೇ, ಲಾಂಡ್ರಿಯಲ್ಲಿ ಕೈ ಜಾರಿ ಪೆಟ್ಟು ಮಾಡಿಕೊಂಡ ನಮ್ಮ ಸಭೆಯ ಮಗಳನ್ನು ನೆನೆ. ಆಕೆಯ ಗಾಯವನ್ನು ಮಾಯಿಸು. ಆಕೆಗೆ ನೆರವಾಗುತ್ತಿರುವವರನ್ನು ಆಶೀರ್ವದಿಸು” ಎಂದ.

“ಕರ್ತನೇ, ಲಾಲಿಸು” ಎಂದಿತು ಸಭೆ.

ಬೆಂಚು ಸರಿದ ಸದ್ದಾಯಿತು. ಕಣ್ಣು ಬಿಟ್ಟು ನೋಡಿದರೆ ಗುಬ್ಬಿಯ ತಾಯಿ ಯಾರ ಮುಖವನ್ನೂ ನೋಡದೆ ಬಾಗಿಲು ದಾಟಿ ಹೋಗುತ್ತಿದ್ದಳು.

ಗುಬ್ಬಿ ಎಂಬುದು ಪೆಟ್ಟಾದ ಹುಡುಗಿಗೆ ಲಾಂಡ್ರಿಯವರು ಇಟ್ಟ ಹೆಸರು. ಆಳು ಗಿಡ್ಡ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು. ಮೇಸ್ತ್ರಿ ಕೆಲಸ ನೋಡಿಕೊಳ್ಳುವ ಆ ಲಾಂಡ್ರಿಯಲ್ಲಿ ಹೋಟೆಲುಗಳ, ಆಸ್ಪತ್ರೆಗಳ ಹಾಸುಬಟ್ಟೆಗಳನ್ನು ರಾಶಿರಾಶಿಯಾಗಿ ಒಗೆಯುತ್ತಾರೆ. ಒದ್ದೆ ಆರುವ ಮೊದಲೇ ಅವನ್ನು ದೊಡ್ಡ ಬಿಸಿ ರೋಲರಿಗೆ ಕೊಡಬೇಕು. ಇಬ್ಬರು ಹೆಂಗಸರು ಎದುರು ಬದುರು ನಿಂತು ಬಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದು ಒಳಕ್ಕೆ ಬಿಟ್ಟರೆ, ಆ ಕಡೆಯಿಂದ ಅದು ಸುಕ್ಕಿಲ್ಲದೆ ಕಾಗದದಂತೆ ಹೊರಬರುತ್ತದೆ. ರೋಲರಿನ ಬಾಯಿಯ ಮುಂದೆ ಒಂದು ಅಡ್ಡಕಂಬಿ ಇರುತ್ತದೆ. ಬೆರಳು ಅದಕ್ಕೆ ತಾಗಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಗುಬ್ಬಿಯ ಬಲಗೈ ಒಳಕ್ಕೆ ಹೋದ ದಿನ ಆ ಕಂಬಿ ಅಲ್ಲಿರಲಿಲ್ಲ. ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳನ್ನು ವೈದ್ಯರು ತೆಗೆದುಹಾಕಬೇಕಾಯಿತು.

‘ಕೈ ಜಾರಿ’ ಎಂಬ ಮಾತು ಮೇಸ್ತ್ರಿಯದಲ್ಲ. ಅಪಘಾತವಾದ ದಿನ ಲಾಂಡ್ರಿಯ ಮಾಲೀಕರು ಫೋನಿನಲ್ಲಿ ಯಾರಿಗೋ ಹಾಗೆಂದರು. ಅದನ್ನು ಕೇಳಿ ಗುಮಾಸ್ತ ಅಂದ, ಗುಮಾಸ್ತನನ್ನು ಕೇಳಿ ಚಾಲಕ ಅಂದ. ಒಗೆದ ಬಟ್ಟೆಗೆ ಇನ್ನೊಂದು ಬಟ್ಟೆಯ ನೂಲು ಅಂಟಿಕೊಂಡು ಬರುವ ಹಾಗೆ ಆ ಮಾತು ಮೇಸ್ತ್ರಿಯ ನಾಲಿಗೆಗೂ ಅಂಟಿಕೊಂಡು, ಯಾವ ಜಾಗದಲ್ಲಿ ಬರಬಾರದಾಗಿತ್ತೋ ಅಲ್ಲಿಗೆ ಬಂದುಬಿಟ್ಟಿತ್ತು.

ಸೋಮವಾರ ಅವನು ರೋಲರಿನ ಕೋಣೆಗೆ ಬಂದಾಗ ಗುಬ್ಬಿಯ ಜಾಗದಲ್ಲಿ ಅವಳ ತಾಯಿ ನಿಂತಿದ್ದಳು. ಅಲ್ಲಿಯವರೆಗೆ ಅವಳು ಮಡಿಸುವ ಮೇಜಿನಲ್ಲಿದ್ದವಳು. ಮಗಳ ಬದಲಿಗೆ ತಾಯಿಯನ್ನು ಹಾಕಿದರೆ ಮನೆಗೆ ಬರುವ ಸಂಬಳ ಕಡಿಮೆಯಾಗುವುದಿಲ್ಲವೆಂದು ಮಾಲೀಕರೇ ಹೇಳಿ ಕಳಿಸಿದ್ದರಂತೆ. ಅಡ್ಡಕಂಬಿ ಇನ್ನೂ ಹಾಕಿರಲಿಲ್ಲ.

“ತಂಗಿ, ನಿನ್ನೆ ಅರ್ಧಕ್ಕೇ ಎದ್ದು ಹೋದ್ಯಲ್ಲ” ಎಂದ ಮೇಸ್ತ್ರಿ.

ಅವಳು ಬಟ್ಟೆಯ ಅಂಚನ್ನು ಬಿಡದೆ, “ಇನ್ನೇನು ಮಾಡ್ಲಿ ಅಣ್ಣ? ಸಾಕ್ಷಿ ಆಯ್ತು, ತೀರ್ಪೂ ಆಯ್ತು. ಕೂತು ಕೇಳೋದಕ್ಕೆ ಇನ್ನೇನು ಉಳಿದಿತ್ತು?” ಎಂದಳು.

“ನಾನು ಅವಳು ಹುಷಾರಾಗ್ಲಿ ಅಂತ ಬೇಡ್ಕೊಂಡೆ.”

“ಕೈ ಜಾರಿದೋಳು ಅಂದ್ರಿ. ಊರೆಲ್ಲ ಹೂಂಗುಟ್ತು. ಇವತ್ತು ಕೈ ಜಾರಿದೋಳು ಅಂದೋರು ನಾಳೆ ಕಾಲೂ ಜಾರಿದೋಳು ಅಂತಾರೆ. ಹೆಣ್ಣುಮಗು ಅಣ್ಣ. ಬಾಯಿ ಬಾಯಿಗೆ ಬಿದ್ರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತೋ ಯಾರಿಗೆ ಗೊತ್ತು.”

ಮೈಲಿಗೆ ಬಟ್ಟೆ ಬೇರ್ಪಡಿಸುವ ದೊಡ್ಡಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು, “ಅವರನ್ನ ಯಾಕೆ ಅಂತೀಯೆ, ಬಿಡು. ಪ್ರಾರ್ಥನೆ ಮಾಡೋವಾಗ ಮನುಷ್ಯ ಕಣ್ಣು ಮುಚ್ಕೊಂಡಿರ್ತಾನೆ. ಅಡ್ಡಕಂಬಿ ಇದೆಯೋ ಇಲ್ವೋ ಹೇಗೆ ಕಾಣ್ಬೇಕು?” ಎಂದಳು.

ಹೆಂಗಸರು ಮುಖ ತಿರುಗಿಸಿಕೊಂಡು ನಕ್ಕರು. ಮೇಸ್ತ್ರಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕಂಬಿ ಇರಲಿಲ್ಲವೆಂಬುದು ಅವನಿಗೆ ಕಂಡದ್ದಷ್ಟೇ ಅಲ್ಲ. ಬಟ್ಟೆಯ ಮಡಿಕೆ ಆ ಕಂಬಿಗೆ ತಾಗಿದರೂ ಯಂತ್ರ ನಿಂತುಬಿಡುತ್ತಿತ್ತು. ಕೆಲಸ ಮತ್ತೆ ಮತ್ತೆ ತಡೆದು ಹೋಟೆಲಿನವರ ಬೈಗುಳ ಜಾಸ್ತಿಯಾದಾಗ ಮಾಲೀಕರು, “ಸ್ವಲ್ಪ ದಿನ ಅದನ್ನ ಬಿಚ್ಚಿಡೋಣ್ವಾ?” ಎಂದು ಕೇಳಿದ್ದರು. ಆ ವಾರ ಮೇಸ್ತ್ರಿಯ ಹೆಂಡತಿ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಳು. ಅವನಿಗೆ ಯಾವುದೂ ತಲೆಗೆ ಹತ್ತುತ್ತಿರಲಿಲ್ಲ. “ಆಗಲಿ” ಎಂದಿದ್ದ. ಮೆಕ್ಯಾನಿಕ್ ಬಿಚ್ಚಿ ಬಾಯ್ಲರಿನ ಹಿಂದೆ ಒರಗಿಸಿಟ್ಟ. ಅಲ್ಲಿಂದ ಅದು ಮೇಲೇಳಲಿಲ್ಲ.

ಮಧ್ಯಾಹ್ನ ಮಾಲೀಕರು ಅವನನ್ನು ಒಳಗೆ ಕರೆಸಿಕೊಂಡರು. ಅವರ ಕೋಣೆಯಲ್ಲಿ ಒಂದೇ ಒಂದು ಒಳ್ಳೆಯ ಕುರ್ಚಿ. ಅದನ್ನು ಬಂದವರಿಗೆ ಕೊಟ್ಟು ತಾವು ಮರದ ಸ್ಟೂಲಿನ ಮೇಲೆ ಕೂರುವುದು ಅವರ ಪದ್ಧತಿ. ಕೆಟ್ಟ ಮನುಷ್ಯರು ಅವರಲ್ಲ. ಮೇಸ್ತ್ರಿಯ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದು ಅವರ ಕಾರಿನಲ್ಲಿ. ಔಷಧಿಗೆ ಎಷ್ಟು ಹೋಯಿತೆಂದು ಇವನಿಗೆ ಇಂದಿಗೂ ತಿಳಿಯದು. ಕೇಳಿದರೆ ಮಾತು ಬದಲಿಸುತ್ತಿದ್ದರು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ದೇವಾಲಯದ ಮಾಡು ಸೋರುತ್ತಿದ್ದಾಗ ಯಾರಿಗೂ ಹೇಳದೆ ರಿಪೇರಿ ಮಾಡಿಸಿದವರು.

“ನಿನ್ನೆ ಚೆನ್ನಾಗಿ ಪ್ರಾರ್ಥನೆ ಮಾಡಿದ್ರಿ ಮೇಸ್ತ್ರಿ. ನಿಮ್ಮ ಕಷ್ಟ ಒಳಗಿಟ್ಕೊಂಡು ಬೇರೆಯೋರಿಗೋಸ್ಕರ ನಿಂತ್ರಿ. ನನಗೆ ಕಣ್ಣಲ್ಲಿ ನೀರು ಬಂತು” ಎಂದರು. ಅವರ ದನಿಯಲ್ಲಿ ನಾಟಕವಿರಲಿಲ್ಲ.

ಆಮೇಲೆ ಸ್ಟೂಲನ್ನು ಹತ್ತಿರ ಎಳೆದುಕೊಂಡರು.

“ಮುಂದಿನ ಸೋಮವಾರ ಕಾರ್ಮಿಕ ಇಲಾಖೆಯಿಂದ ಬರ್ತಾರಂತೆ. ನಿಮ್ಮನ್ನ ಕೇಳ್ತಾರೆ. ನೀವೇನೂ ಹೊಸದಾಗಿ ಹೇಳ್ಬೇಕಾಗಿಲ್ಲ. ದೇವರ ಮುಂದೆ ಹೇಳಿದ್ದನ್ನೇ ಅವರ ಮುಂದೆ ಹೇಳಿದ್ರೆ ಸಾಕು.”

“ಆ ಕಂಬಿ ಇವತ್ತೇ ಹಾಕಿಸಿಬಿಡೋಣ ಸಾರ್. ತಾಯೀನೇ ನಿಂತಿದಾಳೆ ಅಲ್ಲಿ.”

ಮಾಲೀಕರು ಬೇಡವೆಂದು ತಲೆಯಾಡಿಸಿದರು. “ಈಗ ಹಾಕಿದ್ರೆ ಹೊಸ ಬೋಲ್ಟು ಕಾಣುತ್ತೆ. ಮೊದಲು ಇರಲಿಲ್ಲ ಅಂತ ನಾವೇ ಒಪ್ಕೊಂಡ ಹಾಗೆ. ಅವರು ಬಂದು ಹೋಗ್ಲಿ. ಆ ಹುಡುಗೀನ ನಾನು ಕೈ ಬಿಡ್ತೀನಾ? ಬದುಕಿರೋವರೆಗೂ ನೋಡ್ಕೋತೀನಿ. ಕಾನೂನು ಕೊಡೋದಕ್ಕಿಂತ ಹೆಚ್ಚೇ ಕೊಡ್ತೀನಿ. ಅದು ನನ್ನ ಕೈಯಿಂದ ಹೋದ್ರೆ ಧರ್ಮ, ಅವರು ಬಂದು ಕಿತ್ಕೊಂಡ್ರೆ ದಂಡ. ಇಷ್ಟೇ ವ್ಯತ್ಯಾಸ.” ಆಮೇಲೆ, ಎದ್ದು ಬಾಗಿಲವರೆಗೆ ಬಂದು, “ಸಮಾಧಿಗೆ ಕಲ್ಲು ಕೆತ್ತಿಸ್ತಿದೀನಿ. ನಿಮ್ಮ ಮನೆಯವರ ಹೆಸರಿನ ಕೆಳಗೆ ಯಾವ ವಾಕ್ಯ ಬೇಕು ಅಂತ ಯೋಚ್ನೆ ಮಾಡಿ ಹೇಳಿ” ಎಂದರು.

ಬೈದಿದ್ದರೆ ಉತ್ತರ ಕೊಡಬಹುದಿತ್ತು. ಇವನು ಕೈ ಮುಗಿದು ಹೊರಬಂದ.

ಮೇಸ್ತ್ರಿ ನೇರವಾಗಿ ರೋಲರಿನ ಬಳಿಗೆ ಹೋದ. “ತಂಗಿ, ನೀನು ಮಡಿಸೋ ಮೇಜಿಗೆ ಹೋಗು. ಇಲ್ಲಿ ನಾನು ನಿಲ್ತೀನಿ” ಎಂದ. ಅವಳು ಅವನ ಮುಖ ನೋಡಿ, ಏನೂ ಕೇಳದೆ ಸರಿದಳು. ಅಲ್ಲಿಂದ ವಾರವೆಲ್ಲ ಆ ಮುದುಕನೇ ಬಟ್ಟೆ ಕೊಟ್ಟ. ಮೇಲ್ವಿಚಾರಣೆ ಮಾಡಿ ರೂಢಿಯಾದ ಕೈಗೆ ಆ ವೇಗ ಬರಲಿಲ್ಲ. ಬಟ್ಟೆಯ ಅಂಚು ಸೊಟ್ಟಗಾಗುತ್ತಿತ್ತು, ರಾಶಿ ಬೆಳೆಯುತ್ತಿತ್ತು. “ಮೇಸ್ತ್ರಿಗಳು ಹೊಸ ಸೊಸೆ ಹಾಗೆ ಹೆದರಿ ಹೆದರಿ ಕೈ ಹಾಕ್ತಾರಲ್ಲೇ” ಎಂದು ದೊಡ್ಡಕ್ಕ ಆಡಿಕೊಂಡಳು. ಹೆದರಿದ್ದು ನಿಜವೇ. ಬಿಸಿ ಉಕ್ಕು ಬೆರಳ ತುದಿಯಿಂದ ಒಂದು ಗೇಣು ದೂರದಲ್ಲಿ ತಿರುಗುತ್ತಿದ್ದರೆ, ಆ ಹುಡುಗಿ ದಿನವೆಲ್ಲ ಹೇಗೆ ಹರಟೆ ಹೊಡೆಯುತ್ತ ನಿಂತಿರುತ್ತಿದ್ದಳೋ ಎಂದು ಅವನಿಗೆ ಆಶ್ಚರ್ಯವಾಯಿತು.

ಕೆಲಸ ಬಿಟ್ಟ ಮೇಲೆ ಒಂದು ಸಂಜೆ ಅವಳನ್ನು ನೋಡಲು ಹೋದ. ಎರಡು ಮಹಡಿ ಹತ್ತಿದರೆ ಒಂದೇ ಕೋಣೆಯ ಮನೆ. ಕಿಟಕಿಯ ಪಕ್ಕದ ಮಂಚದಲ್ಲಿ ಗುಬ್ಬಿ ಕೂತಿದ್ದಳು. ಬಲಗೈಗೆ ಮೊಣಕೈವರೆಗೆ ಬಿಳಿ ಬಟ್ಟೆ ಸುತ್ತಿತ್ತು. ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಹೆಣಗುತ್ತಿದ್ದವಳು ಇವನನ್ನು ಕಂಡು ಬಾಚಣಿಗೆ ಕೆಳಗಿಟ್ಟಳು.

“ಬನ್ನಿ ಮಾಮ. ಕುರ್ಚಿ ಮೇಲಿರೋ ಬಟ್ಟೆ ತೆಗೆದು ಮಂಚದ ಮೇಲೆ ಹಾಕಿ. ನಾನು ಮಡಿಸಿಟ್ಟಿದ್ದು, ನೋಡ್ಬೇಡಿ. ಅತ್ತೆ ಇದ್ದಿದ್ರೆ ಬಿಚ್ಚಿ ಮತ್ತೆ ಮಡಿಸು ಅಂತಿದ್ರು.”

ಅತ್ತೆ ಎಂದರೆ ಮೇಸ್ತ್ರಿಯ ಹೆಂಡತಿ; ಕಾಯಿಲೆ ಬೀಳುವವರೆಗೆ ಅವಳೂ ರೋಲರಿಗೆ ಬಟ್ಟೆ ಕೊಡುತ್ತಿದ್ದವಳು. ಲಾಂಡ್ರಿಯಲ್ಲಿ ಅವಳ ಹೆಸರನ್ನು ಎಲ್ಲರೂ ಇವನೆದುರು ನುಂಗಿಕೊಳ್ಳುತ್ತಿದ್ದರು. ಈ ಹುಡುಗಿ ಅವಳು ಪಕ್ಕದ ಬೀದಿಗೆ ಹೋಗಿರುವಂತೆ ಮಾತಾಡಿದಳು. ಇವನು ಬಟ್ಟೆಗಳನ್ನು ಎತ್ತಿ ಮಂಚದ ಮೇಲಿಟ್ಟು ಕೂತ.

“ನೋವು ಹೇಗಿದೆ ಮಗಳೇ?”

“ಇಲ್ಲದಿರೋ ಬೆರಳೇ ನೋಯುತ್ತೆ ಮಾಮ. ತಮಾಷೆ ಅಲ್ವಾ? ಇರೋವಾಗ ಒಂದಿನಾನೂ ನೋಯ್ಲಿಲ್ಲ.” ಆಮೇಲೆ, “ಅಮ್ಮ ಹೇಳಿದ್ಲು, ನೀವು ಪ್ರಾರ್ಥನೇಲಿ ಏನಂದ್ರಿ ಅಂತ” ಎಂದಳು.

“ಬಾಯಿಗೆ ಬಂದ ಮಾತು ಅದು. ಯೋಚ್ನೆ ಮಾಡಿ ಅಂದದ್ದಲ್ಲ.”

“ಗೊತ್ತು. ನೀವು ಬೇಕೂಂತ ಅನ್ನೋರಲ್ಲ. ಆದ್ರೆ ಮಾಮ, ನನ್ನ ಕೈ ಜಾರ್ಲಿಲ್ಲ. ಜಾರಿದ್ರೆ ಈಚೆಗೆ ಬರ್ತಿತ್ತು. ನಾನು ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಅಂಚು ಸೊಟ್ಟಗಾದ್ರೆ ಬಿಡಬಾರದು, ಬಿಗಿಯಾಗಿ ಹಿಡಿ ಅಂತ ಕಲಿಸಿದ್ದು ಅತ್ತೇನೇ ಅಲ್ವಾ? ಬಿಡದೆ ಹಿಡ್ಕೊಂಡಿದ್ದಕ್ಕೇ ಎಳ್ಕೊಂಡು ಹೋಯ್ತು.”

ಮೇಸ್ತ್ರಿ ತಲೆ ತಗ್ಗಿಸಿದ. ಕೆಲಸವನ್ನು ಸರಿಯಾಗಿ ಮಾಡಿದ್ದಕ್ಕೆ ಕೈ ಹೋದವಳನ್ನು, ಸರಿಯಾಗಿ ಮಾಡದವಳೆಂದು ಅವನು ದೇವರಿಗೆ ಹೇಳಿ ಬಂದಿದ್ದ.

“ಮಾಲೀಕರು ನಿನ್ನ ಕೈ ಬಿಡೋದಿಲ್ಲ ಅಂತಾರೆ” ಎಂದ. ಏನಾದರೂ ಹೇಳಬೇಕಾಗಿತ್ತು, ಹೇಳಿದ.

“ಅವರು ಕೊಡೋರೇ. ಇಲ್ಲ ಅನ್ನಲ್ಲ. ಆದ್ರೆ ತಿಂಗಳಾ ತಿಂಗಳಾ ಹೋಗಿ ಅವರ ಬಾಗಿಲಲ್ಲಿ ನಿಲ್ಬೇಕು. ಅಜಾಗ್ರತೆಯಿಂದ ಕೈ ಕಳ್ಕೊಂಡೋಳು, ಪಾಪ ಅಂತ ಕೊಡ್ತಾರೆ. ನಾನು ಪಾಪ ಅನ್ನಿಸ್ಕೊಂಡು ಮುದುಕಿ ಆಗ್ಬೇಕು.” ಅವಳು ಬಾಚಣಿಗೆಯನ್ನು ಮತ್ತೆ ಎತ್ತಿಕೊಂಡಳು. “ಅದೂ ಹೋಗ್ಲಿ. ನಾಳೆ ಆ ಜಾಗದಲ್ಲಿ ಯಾರು ನಿಲ್ತಾರೆ ಮಾಮ? ನೀವು ಎಷ್ಟು ದಿನ ನಿಲ್ತೀರಿ?”

ಮರುದಿನ ಅವನು ಪಾದ್ರಿಗಳ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. “ಭಾನುವಾರ ಆಡಿದ ಮಾತನ್ನ ಹಿಂದಕ್ಕೆ ತಗೋಬೇಕು ಅಯ್ಯನವರೇ. ಹೇಗೆ ತಗೋಬೇಕು ಅಂತ ತಿಳೀತಿಲ್ಲ” ಎಂದ.

ಪಾದ್ರಿಗಳು ಕನ್ನಡಕ ತೆಗೆದು ಒರೆಸಿದರು. ಅವರು ಸಾಧು ಮನುಷ್ಯ. ಜಗಳವೆಂದರೆ ಮೈಯೆಲ್ಲ ನಡುಗುತ್ತಿತ್ತು. “ದೇವರಿಗೆ ನಿಜ ಗೊತ್ತಿದೆ ಮೇಸ್ತ್ರಿಗಳೇ. ಆತನಿಗೆ ನಾವು ತಿದ್ದಿ ಹೇಳ್ಬೇಕಾ?”

“ದೇವರಿಗೆ ಗೊತ್ತು. ಸಭೆಗೆ ಗೊತ್ತಿಲ್ವಲ್ಲ. ಲಾಲಿಸು ಅಂತ ಹೇಳಿದೋರು ಅವರು.”

“ನಿಮಗೆ ಇನ್ನೂ ದುಃಖ ಹಸಿಯಾಗಿದೆ. ಈ ವಾರ ಬೇರೆಯವರು ಪ್ರಾರ್ಥನೆ ಮಾಡ್ಲಿ ಬೇಕಾದ್ರೆ.”

“ದುಃಖ ಇದೆ ಅಂತಲೇ ಆ ದಿನ ‘ಆಗಲಿ’ ಅಂದೆ. ದುಃಖ ಇದೆ ಅಂತಲೇ ಸಭೇಲಿ ಹಾಗಂದೆ. ಇನ್ನೊಂದು ಸಲ ಅದನ್ನೇ ನೆಪ ಮಾಡ್ಕೊಂಡ್ರೆ, ಸತ್ತವಳಿಗೆ ನಾನು ಯಾವ ಮುಖ ತೋರಿಸ್ಲಿ?”

ಪಾದ್ರಿಗಳು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಕೊನೆಗೆ, “ನಾನು ತಡೆಯೋದಿಲ್ಲ” ಎಂದಷ್ಟೇ ಹೇಳಿದರು.

ಭಾನುವಾರ ದೇವಾಲಯ ತುಂಬಿತ್ತು. ಮಾಲೀಕರು ಎಂದಿನಂತೆ ಮುಂದಿನ ಬೆಂಚಿನಲ್ಲಿ ಹೆಂಡತಿ ಮಕ್ಕಳೊಡನೆ ಕೂತಿದ್ದರು. ಗುಬ್ಬಿಯ ತಾಯಿ ಹಿಂದೆ, ಬಾಗಿಲ ಹತ್ತಿರ ಕೂತಿದ್ದಳು. ಮೇಸ್ತ್ರಿ ಎದ್ದು ನಿಂತ. ಈ ಸಲ ಕಣ್ಣು ಮುಚ್ಚಲಿಲ್ಲ. ಮಾತು ತಾನಾಗಿ ಬರಲಿಲ್ಲ. ಒಂದೊಂದನ್ನೂ ಬಾವಿಯಿಂದ ಸೇದಿದಂತೆ ಎತ್ತಬೇಕಾಯಿತು.

“ಪರಲೋಕದ ತಂದೆಯೇ, ಹೋದ ಭಾನುವಾರ ಇದೇ ಜಾಗದಲ್ಲಿ ನಿಂತು ನಾನು ನಿನ್ನ ಮುಂದೆ ಸುಳ್ಳು ಹೇಳಿದೆ. ನಮ್ಮ ಮಗಳ ಕೈ ಜಾರಲಿಲ್ಲ. ಕೈಯನ್ನು ಕಾಯಬೇಕಾಗಿದ್ದ ಕಂಬಿಯನ್ನು ತೆಗೆಸಿದ್ದೆವು. ತೆಗೆಯಲು ಒಪ್ಪಿದವರಲ್ಲಿ ನಾನೂ ಒಬ್ಬ. ಆ ಕಂಬಿ ಇವತ್ತಿಗೂ ಅಲ್ಲಿಲ್ಲ. ತಪ್ಪು ಮಾಡದವಳ ಮೇಲೆ ನಿನ್ನ ಹೆಸರಿನಲ್ಲಿ ತಪ್ಪು ಹೊರಿಸಿದೆ, ನನ್ನ ಜೊತೆಯಲ್ಲಿ ಈ ಸಭೆಯ ಬಾಯಲ್ಲೂ ಅದನ್ನೇ ಹೇಳಿಸಿದೆ. ನಾನು ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆಕೆಗೆ ದಕ್ಕಬೇಕಾದದ್ದು ದಕ್ಕುವಂತೆ ಮಾಡು.”

ಅವನು ನಿಲ್ಲಿಸಿದ. ನಿಲ್ಲಿಸಿದ ಕೂಡಲೇ, ಹಿಂದುಮುಂದು ನೋಡದೆ, ವರ್ಷಗಟ್ಟಲೆಯ ರೂಢಿಯಿಂದ, ಸಭೆ “ಕರ್ತನೇ, ಲಾಲಿಸು” ಎಂದುಬಿಟ್ಟಿತು.

ಹೇಳಿದ ಮೇಲೆ ಅವರಿಗೆ ತಾವು ಏನು ಹೇಳಿದೆವೆಂದು ತಿಳಿಯಿತು. ತಲೆಗಳು ಒಂದೊಂದಾಗಿ ಮೇಲೆದ್ದವು. ಯಾರೋ ಕೆಮ್ಮಿದರು. ಮುಂದಿನ ಬೆಂಚಿನಲ್ಲಿ ಮಾಲೀಕರ ತುಟಿಗಳೂ ಎಲ್ಲರೊಡನೆ ಆಡಿದ್ದನ್ನು ಮೇಸ್ತ್ರಿ ಕಂಡಿದ್ದ. ಅವರ ಕೈ ಈಗ ಬಾಯಿಯ ಹತ್ತಿರ ಹೋಗಿ ಅಲ್ಲಿಯೇ ನಿಂತಿತ್ತು. ಮಾತು ಬಾಯಿಂದ ಹೊರಟಾಗಿತ್ತು. ಮೇಸ್ತ್ರಿ ಮುಂದಿನ ಬೇಡಿಕೆಗೆ ಹೋದ: ರೋಗಿಗಳು, ಮುದುಕರು, ಪ್ರಯಾಣದಲ್ಲಿರುವವರು.

ಹೊರಗೆ ಬಂದಾಗ ಅನೇಕರು ಅವನ ಕಣ್ಣು ತಪ್ಪಿಸಿದರು. “ಉಂಡ ಮನೆಗೆ ಹೀಗಾ ಮಾಡೋದು?” ಎಂದು ಒಬ್ಬರು ಅವನಿಗೆ ಕೇಳುವಂತೆಯೇ ಇನ್ನೊಬ್ಬರಿಗೆ ಹೇಳಿದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಪೂರ್ತಿ ನಿಜವೂ ಇರಲಿಲ್ಲ.

ಸೋಮವಾರ ಬಂದ ಅಧಿಕಾರಿ ವಯಸ್ಸಿನಲ್ಲಿ ಗುಬ್ಬಿಗಿಂತ ಬಹಳ ದೊಡ್ಡವಳೇನಲ್ಲ. ಯಂತ್ರವನ್ನು ಸುತ್ತ ನೋಡಿ, ಕಂಬಿ ಇರಬೇಕಾದ ತೂತುಗಳಲ್ಲಿ ಬೆರಳಿಟ್ಟು, ಏನಾಯಿತೆಂದು ಕೇಳಿದಳು. ಮೇಸ್ತ್ರಿ ಸಭೆಯಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳಿದ, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ‘ನಾನೂ ಒಪ್ಪಿದೆ’ ಎಂಬುದನ್ನು ಬಿಡಲಿಲ್ಲ. ಅವಳು ಮಾಲೀಕರ ಕಡೆ ತಿರುಗಿದಳು. ಅವರು ಇದು ಹಾಗಲ್ಲವೆನ್ನಲು ಬಾಯಿ ತೆರೆದರು. ಸುತ್ತ ನಿಂತ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಹಿಂದಿನ ದಿನ ದೇವಾಲಯದಲ್ಲಿದ್ದವರು. ಅವರನ್ನು ನೋಡಿ ಮಾಲೀಕರು ತೆರೆದ ಬಾಯಿ ಮುಚ್ಚಿ, ಕೊನೆಗೆ “ಹೌದು” ಎಂದರು.

ಅಧಿಕಾರಿ ಹೋದ ಮೇಲೆ ಮಾಲೀಕರು ರೋಲರಿನ ಹತ್ತಿರವೇ ನಿಂತಿದ್ದರು. ಮುಖ ಒಂದೇ ದಿನದಲ್ಲಿ ಇಳಿದುಹೋಗಿತ್ತು.

“ನನ್ನನ್ನ ಒಬ್ಬನೇ ಇದ್ದಾಗ ಕೇಳ್ಬಹುದಿತ್ತು ಮೇಸ್ತ್ರಿ.”

“ಕೇಳಿದೆ ಸಾರ್. ಹೋದ ಸೋಮವಾರ. ಕಂಬಿ ಹಾಕಿಸೋಣ ಅಂದೆ.”

“ನಿಮಗೆ ನಾನು ಏನು ಕಡಿಮೆ ಮಾಡಿದ್ದೆ?”

“ಏನೂ ಇಲ್ಲ. ನೀವು ಮಾಡಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ. ಅದಕ್ಕೇ ನನ್ನ ಬಾಯಿ ಕಟ್ಟಿತ್ತು. ನೀವು ಕೊಡೋರು ಸಾರ್. ಕೊಡೋರನ್ನ ಯಾರೂ ಪ್ರಶ್ನೆ ಕೇಳೋದಿಲ್ಲ, ನೀವೇ ಸರಿ ಅಂದ್ಕೋತೀವಿ. ಹಾಗೆ ಮಾಡಿ ನಿಮ್ಮನ್ನೂ ಕೆಡಿಸಿದ್ವಿ.”

ಮಾಲೀಕರು ತಿಂಗಳ ಕೊನೆಗೆ ಬೇರೆ ಮೇಸ್ತ್ರಿಯನ್ನು ಹುಡುಕಿಕೊಳ್ಳುವುದಾಗಿ, ನೆಲ ನೋಡುತ್ತ ಹೇಳಿದರು. ಹೇಳುವಾಗ ಅವರಿಗೂ ಕಷ್ಟವಾಯಿತು. ಆಮೇಲೆ ಮೆಕ್ಯಾನಿಕನನ್ನು ಕೂಗಿ, ಬಾಯ್ಲರಿನ ಹಿಂದಿರುವ ಕಂಬಿಯನ್ನು ತಂದು ಈಗಲೇ ಹಾಕೆಂದು ಹೇಳಿ ತಮ್ಮ ಕೋಣೆಗೆ ಹೋದರು.

ಕಂಬಿಗೆ ತುಕ್ಕು ಹತ್ತಿತ್ತು. ಮೆಕ್ಯಾನಿಕ್ ಉಜ್ಜಿದ, ಎಣ್ಣೆ ಬಿಟ್ಟ, ಹೊಸ ಬೋಲ್ಟು ಹಾಕಿ ಬಿಗಿದ. ತನ್ನ ಸ್ಪ್ಯಾನರಿನಿಂದಲೇ ಬಿಚ್ಚಿದ್ದನ್ನು ನೆನೆದೋ ಏನೋ, ಒಮ್ಮೆಯೂ ತಲೆಯೆತ್ತಲಿಲ್ಲ. ಯಂತ್ರ ಚಾಲೂ ಮಾಡಿದರು. ರೋಲರು ಕಾದು ತಿರುಗತೊಡಗಿತು. ಗುಬ್ಬಿಯ ತಾಯಿ ತನ್ನ ಜಾಗಕ್ಕೆಂದು ಬಂದಳು. ಮೇಸ್ತ್ರಿ ಕೈ ಅಡ್ಡ ಹಿಡಿದು ಅವಳನ್ನು ನಿಲ್ಲಿಸಿದ.

“ತಾಳು ತಂಗಿ.”

ಅವನು ಒಂದು ಒದ್ದೆ ಬಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದು ರೋಲರಿನ ಬಾಯಿಗೆ ಕೊಟ್ಟ. ಅದು ಎಳೆಯಿತು. ಅವನು ಬಿಡಲಿಲ್ಲ. ಬಟ್ಟೆಯೊಡನೆ ಕೈಯೂ ಹೋಯಿತು. ಹೆಂಗಸರು ಉಸಿರು ಬಿಗಿಹಿಡಿದು ನೋಡಿದರು. ಬೆರಳ ಗೆಣ್ಣು ಕಂಬಿಗೆ ತಾಗಿತು. ಯಂತ್ರ ಗಕ್ಕನೆ ನಿಂತಿತು.

“ಸಾಕು ಬನ್ನಿ ಅಣ್ಣ” ಎಂದಳು ಅವಳು.

“ಇನ್ನೊಂದ್ಸಲ” ಎಂದು ಅವನು ಮತ್ತೆ ಕೈ ಕೊಟ್ಟ. ಮತ್ತೆ ನಿಂತಿತು. ಅವಳು ನಿಲ್ಲುವ ಕಡೆ ನೋಡಿಯಾಯಿತು. ಎದುರಿನವಳು ನಿಲ್ಲುವ ಕಡೆಗೆ ಹೋಗಿ ಅಲ್ಲಿಯೂ ಕೈ ಇಟ್ಟು ನೋಡಿದ. ಆಮೇಲೆ ಪಕ್ಕಕ್ಕೆ ಸರಿದು, ಅವಳಿಗೆ ಜಾಗ ಬಿಟ್ಟುಕೊಟ್ಟು, ಬೆಳೆದು ನಿಂತಿದ್ದ ರಾಶಿಯಿಂದ ಮೊದಲ ಬಟ್ಟೆಯನ್ನು ಎತ್ತಿ ಅವಳ ಕೈಗೆ ಕೊಟ್ಟ.